ಗುಂಡಿ ಪೂರ್ತಿ ತಿರುಗಿಸಿದರೂ ಹೆಡ್‌ಫೋನ್‌ನಲ್ಲಿ ಶಬ್ದ ಸಾಲದೆ?

ಪ್ರಶ್ನೆ: ಊರಿನ ತಾಳಮದ್ದಳೆಗಳನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ಸಂಕಲನ ಮಾಡುತ್ತೇನೆ. ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ಗೆ 250 ಓಮ್‌ನ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹೆಡ್‌ಫೋನ್ ಜೋಡಿಸಿದ್ದೇನೆ. ಗುಂಡಿ ಪೂರ್ತಿ ತಿರುಗಿಸಿದರೂ ಅರ್ಥಧಾರಿಗಳ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಓಮ್ ಹೆಚ್ಚಿದ್ದಷ್ಟೂ ಗುಣಮಟ್ಟ ಹೆಚ್ಚು ಎಂದಿದ್ದ ಅಂಗಡಿಯವರು ಈಗ ಪ್ರತ್ಯೇಕ ಆಂಪ್ಲಿಫೈಯರ್ ಬೇಕು ಎನ್ನುತ್ತಿದ್ದಾರೆ. ಕೊಳ್ಳಬೇಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಸದ್ಯ ಕೊಳ್ಳಬೇಡಿ. ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಪರೀಕ್ಷೆಯ ಅಂಕವಲ್ಲ ಎಂದು ಇನ್ನೆಷ್ಟು ಸಲ ಬರೆಯಲಿ? ನಿಮ್ಮ ಹೆಡ್‌ಫೋನ್ 80 ಓಮ್‌ನಲ್ಲೂ ಸಿಗುತ್ತದೆ; ಅದೇನೂ ಕಳಪೆ ಮಾಲಲ್ಲ. ಓಮ್ ಹೆಚ್ಚಿದರೆ ಅಷ್ಟೇ ಜೋರಾಗಿ ನುಡಿಸಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಗ್ರಾಹಕರಿಗೆ ಇದನ್ನು ಹೇಳದೆ ದೊಡ್ಡ ಸಂಖ್ಯೆ ತೋರಿಸಿ ಮಾರುವುದು ಮೋಸ.

ಲೆಕ್ಕ ಹಾಕೋಣ. ನಿಮ್ಮ ಇಂಟರ್‌ಫೇಸ್ 1 ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 250 ಓಮ್‌ಗೆ ಅದು 4 ಮಿಲಿವ್ಯಾಟ್. 1 ಮಿಲಿವ್ಯಾಟ್‌ಗೆ 96 ಡೆಸಿಬೆಲ್ ಕೊಡುವ ಈ ಹೆಡ್‌ಫೋನ್ ಆಗ 102 ಡೆಸಿಬೆಲ್ ಮುಟ್ಟುತ್ತದೆ. ವಾರಕ್ಕೆ 40 ಗಂಟೆ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್. ಹಾಗಿದ್ದರೆ ಮಾತು ಏಕೆ ಕೇಳಿಸುತ್ತಿಲ್ಲ?

ರೆಕಾರ್ಡಿಂಗ್ ತೆರೆದು ಮಾತಿನ ಭಾಗದ ಮಟ್ಟ ನೋಡಿ. ಚಂಡೆಯ ಪೆಟ್ಟಿಗೆ ಧ್ವನಿ ಒಡೆಯದಿರಲೆಂದು ನೀವು ಮಟ್ಟ ಇಳಿಸಿರುತ್ತೀರಿ, ಅದು ಸರಿಯೇ. ಆದರೆ ಚಂಡೆ ರೆಕಾರ್ಡಿಂಗ್‌ನ ಗರಿಷ್ಠ ಮಿತಿಗಿಂತ (ಅಂದರೆ ಆ 102ಕ್ಕಿಂತ) 3 ಡೆಸಿಬೆಲ್ ಕೆಳಗೆ, ಪೀಠಿಕೆಯ ಮಾತು 40 ಡೆಸಿಬೆಲ್ ಕೆಳಗೆ ಇದ್ದರೆ ನಿಮ್ಮ ಕಿವಿಗೆ ಮಾತು 62ರಲ್ಲಿ, ಚಂಡೆ 99ರಲ್ಲಿ ಬೀಳುತ್ತದೆ. ಹಂಚಿನ ಮೇಲೆ ಆಷಾಢದ ಮಳೆ ಸುರಿಯುವಾಗ 62 ಡೆಸಿಬೆಲ್ ಮಾತು ಎಲ್ಲಿ ಕೇಳಬೇಕು? ಈ ಸ್ಥಿತಿಯಲ್ಲಿ ಆಂಪ್ಲಿಫೈಯರ್ ತಂದು ಮಾತನ್ನು 15 ಡೆಸಿಬೆಲ್ ಏರಿಸಿದಿರಾದರೆ ಭಾಗವತರು ಪದ ಎತ್ತಿದೊಡನೆ ಚಂಡೆ 114ರಲ್ಲಿ ಅಪ್ಪಳಿಸುತ್ತದೆ. ನನ್ನ ಎಡಗಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆಯಂತೆ ಕೊರೆಯುವ ಸದ್ದು ಇಂಥದ್ದೇ ದುಡುಕಿನಿಂದ ಬಂದದ್ದು. ಅದಕ್ಕೆ ಮದ್ದಿಲ್ಲ.

ಆದ್ದರಿಂದ ಮಾತಿನ ಭಾಗವನ್ನು ಸಾಫ್ಟ್‌ವೇರ್‌ನಲ್ಲೇ ಏರಿಸಿ, ಚಂಡೆಗೆ ಲಿಮಿಟರ್ (ಶಬ್ದ ಗೊತ್ತಾದ ಮಟ್ಟ ಮೀರದಂತೆ ತಡೆಯುವ ಸೌಲಭ್ಯ) ಹಾಕಿ. ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಆಮೇಲೂ ಸಾಲದಿದ್ದರೆ ಮಾತ್ರ ಇಂಟರ್‌ಫೇಸ್‌ನ ಕೈಪಿಡಿಯಲ್ಲಿ ಹೆಡ್‌ಫೋನ್ ಕಿಂಡಿಯ ವೋಲ್ಟೇಜ್ ನೋಡಿ. 1 ವೋಲ್ಟ್‌ಗಿಂತ ತೀರ ಕಡಿಮೆಯಿದ್ದರೆ ಆಂಪ್ಲಿಫೈಯರ್ ವಿಚಾರ ಮಾಡಬಹುದು. ಅಲ್ಲೇ ಔಟ್‌ಪುಟ್ ಇಂಪಿಡೆನ್ಸ್ (ಆ ಕಿಂಡಿಯದೇ ತಡೆ) ಕೂಡ ಬರೆದಿರಬಹುದು. ಅದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಪಾಲಿಗಿಂತ ಹೆಚ್ಚಿರಬಾರದು. ನಿಮಗೆ 250 ಇರುವುದರಿಂದ 30ರವರೆಗೂ ಚಿಂತೆಯಿಲ್ಲ. ಎಚ್ಚರ ಬೇಕಾದದ್ದು 16 ಓಮ್‌ನ ಇಯರ್‌ಫೋನ್ ಚುಚ್ಚುವವರಿಗೆ: ಕಿಂಡಿಯಲ್ಲೇ 10 ಓಮ್ ಇದ್ದರೆ ಮಂದ್ರವೋ ತಾರವೋ ತನ್ನ ಜಾಗ ಬಿಟ್ಟು ಏರಿಳಿಯಬಹುದು. ಮದ್ದಳೆಯ ನಾದವನ್ನು ಅದರಲ್ಲಿ ಕೇಳಿ ತಿದ್ದಿದರೆ ತಿದ್ದಿದ್ದೆಲ್ಲ ತಪ್ಪಾಗುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದರೆ ಹೆಡ್‌ಫೋನ್ ಗುಂಯ್‌ಗುಡುತ್ತದೆ. ಮೂರು ಪಿನ್ನಿನ ಪ್ಲಗ್‌ನಲ್ಲಿ ದಪ್ಪ ಪಿನ್ ತೆಗೆಸಿದರೆ ಸರಿಹೋಗುತ್ತದೆ ಎಂದು ರಿಪೇರಿಯವರು ಹೇಳಿದರು. – ಸಾಗರ

ಉತ್ತರ: ಖಂಡಿತ ಬೇಡ. ಆ ಪಿನ್ ಜೀವ ಉಳಿಸಲು ಇದೆ. ಹಾಗೆ ಹೇಳಿದವರ ಕೈಗೆ ಇನ್ನು ಯಾವ ಉಪಕರಣವನ್ನೂ ಕೊಡಬೇಡಿ. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಜೋಡಿಸಿ, ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಬ್ಯಾಟರಿಯಲ್ಲೇ ಕೆಲಸ ಮಾಡಿ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಿತ್ತಿಡಿ.

ಪ್ರಶ್ನೆ: ಚಿನ್ನದ ಲೇಪನದ ಜಾಕ್‌ನಿಂದ ಧ್ವನಿ ಸುಧಾರಿಸುತ್ತದೆಯೇ? – ಶಿವಮೊಗ್ಗ

ಉತ್ತರ: ಇಲ್ಲ, ನಮ್ಮ ತೇವಕ್ಕೆ ಕಿಲುಬು ಹಿಡಿಯುವುದಿಲ್ಲ, ಅಷ್ಟೇ ಲಾಭ.

ಪ್ರಶ್ನೆ: ಹೊಸ ಹೆಡ್‌ಫೋನನ್ನು 200 ಗಂಟೆ ನುಡಿಸಿ ಪಳಗಿಸಬೇಕೆ? – ಭದ್ರಾವತಿ

ಉತ್ತರ: ಬೇಡ. ಪಳಗುವುದು ನಿಮ್ಮ ಕಿವಿ.

ಪ್ರಶ್ನೆ: ಮಳೆಗಾಲದಲ್ಲಿ ಕಿವಿಯ ಮೆತ್ತೆಗೆ ಬೂಷ್ಟು ಹಿಡಿಯುತ್ತದೆ. – ಹೊಸನಗರ

ಉತ್ತರ: ಬಳಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬಚ್ಚಲೊಲೆಯ ಹತ್ತಿರ ಒಣಗಿಸಿದರೆ ಮೆತ್ತೆ ಬಿರಿಯುತ್ತದೆ.