ಗುಜರಿ ಆಲ್ಟರ್ನೇಟರಿನಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಾ?

ಪ್ರಶ್ನೆ: ಗುಜರಿಯಲ್ಲಿ ಹಳೆ ಓಮ್ನಿಯ ಆಲ್ಟರ್ನೇಟರ್ ಸಿಕ್ಕಿದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ನಮಗೆ ಮೂರು ದಿನ ಕರೆಂಟ್ ಇರುವುದಿಲ್ಲ. 150 ಎಎಚ್ ಇನ್ವರ್ಟರ್ ಬ್ಯಾಟರಿ ಮೊದಲ ರಾತ್ರಿಗೇ ಮಲಗುತ್ತದೆ. ಅಡಿಕೆಗೆ ಔಷಧಿ ಹೊಡೆಯುವ ಪೆಟ್ರೋಲ್ ಎಂಜಿನ್‌ಗೆ ಇದನ್ನು ಕಟ್ಟಿ ಚಾರ್ಜ್ ಮಾಡಬಹುದಾ? ಇದರಲ್ಲೇ ವೆಲ್ಡಿಂಗ್ ಕೂಡ ಆಗುತ್ತೆ ಅಂತಾನೆ ಗ್ಯಾರೇಜ್ ಹುಡುಗ, ನಿಜಾನಾ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಚಾರ್ಜಿಂಗ್ ಧಾರಾಳವಾಗಿ ಆಗುತ್ತದೆ. ವೆಲ್ಡಿಂಗ್ ಆಸೆ ಬಿಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆಲ್ಟರ್ನೇಟರ್ ಅಂದರೆ ಎಂಜಿನ್ ತಿರುಗಿಸಿದಾಗ ಕಾರಿನ ಬ್ಯಾಟರಿಗೆ ಚಾರ್ಜ್ ಕೊಡುವ ಭಾಗ. ಅದು ತನ್ನಷ್ಟಕ್ಕೆ ತಾನೇ ಕರೆಂಟ್ ಹುಟ್ಟಿಸುವುದಿಲ್ಲ, ಒಳಗೆ ತಿರುಗುವ ರೋಟರ್ ಅನ್ನುವ ಸುರುಳಿಗೆ ಮೊದಲು ಸ್ವಲ್ಪ ಕರೆಂಟ್ ಕೊಡಬೇಕು. ಕಾರಿನಲ್ಲಿ ಆ ಕೆಲಸವನ್ನು ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಮಾಡುತ್ತದೆ. ನೀವೂ ಹಾಗೇ ಮಾಡಿ: ಬ್ಯಾಟರಿ ಪ್ಲಸ್‌ನಿಂದ ಒಂದು ಸ್ವಿಚ್, ಅಲ್ಲಿಂದ 12 ವೋಲ್ಟಿನ 3 ವ್ಯಾಟ್ ಬಲ್ಬ್, ಅಲ್ಲಿಂದ ಆಲ್ಟರ್ನೇಟರಿನ 'ಎಲ್' ಪಿನ್. ಪಕ್ಕದಲ್ಲಿ 'ಐಜಿ' ಪಿನ್ ಇದ್ದರೆ ಅದಕ್ಕೆ ಸ್ವಿಚ್ಚಿನಿಂದ ನೇರ ವೈರ್. ಆಲ್ಟರ್ನೇಟರಿನ ದಪ್ಪ ಬೋಲ್ಟ್ ಬ್ಯಾಟರಿ ಪ್ಲಸ್‌ಗೆ, ಅದರ ಬಾಡಿ ಮೈನಸ್‌ಗೆ. ಎಂಜಿನ್ ಶುರುವಾಗಿ ಸ್ಪೀಡ್ ಹಿಡಿದ ಮೇಲೆ ಸ್ವಿಚ್ ಹಾಕಿ, ಇಲ್ಲದಿದ್ದರೆ ಹಗ್ಗ ಎಳೆದೆಳೆದು ನಿಮ್ಮ ತೋಳು ಬೀಳುತ್ತದೆ. ಬಲ್ಬ್ ಹತ್ತಿ ಆರಿದರೆ ಚಾರ್ಜ್ ಶುರುವಾಯಿತು ಅಂತ ಲೆಕ್ಕ. ಬ್ಯಾಟರಿ ತುಂಬುತ್ತಾ ಬಂದಾಗ ಮೀಟರ್ 14.2 ವೋಲ್ಟಿನ ಆಸುಪಾಸು ತೋರಿಸಬೇಕು. 15 ದಾಟಿ ಹೋಗುತ್ತಿದ್ದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ಒಳಗಿನ ರೆಗ್ಯುಲೇಟರ್ ಕೆಟ್ಟಿದೆ.

ಎಂಜಿನ್ 3000 ಆರ್‌ಪಿಎಂ ಓಡುವುದಾದರೆ ಅದಕ್ಕೆ ಆಲ್ಟರ್ನೇಟರಿನ ಪುಲ್ಲಿಗಿಂತ ಎರಡು ಪಟ್ಟು ದೊಡ್ಡ ಪುಲ್ಲಿ ಹಾಕಿ. ಆಲ್ಟರ್ನೇಟರ್ 14 ವೋಲ್ಟಿನಲ್ಲಿ 40 ಆಂಪ್ ಕೊಟ್ಟರೆ 560 ವ್ಯಾಟ್, ಆದರೆ ಹಾಕಿದ ಶಕ್ತಿಯಲ್ಲಿ ಅರ್ಧದಷ್ಟು ಬಿಸಿಯಾಗಿಯೇ ಹೋಗುತ್ತದೆ, ಹಾಗಾಗಿ ಎಂಜಿನ್ 2 ಎಚ್‌ಪಿಗಿಂತ ಸಣ್ಣದು ಬೇಡ. ನಿಮ್ಮ ಬ್ಯಾಟರಿಗೆ 15 ಆಂಪ್ ಹಿತ. ಪೂರ್ತಿ ಖಾಲಿಯಾದ ಬ್ಯಾಟರಿ ಮೊದಮೊದಲು ಜಾಸ್ತಿ ಎಳೆಯುತ್ತದೆ, ಆಗ ಎಕ್ಸಿಲೇಟರ್ ತಗ್ಗಿಸಿ. ಬ್ಯಾಟರಿ ಮೈ ಕೈಗೆ ಬಿಸಿ ಹತ್ತಬಾರದು. ಎಂಜಿನ್ ಮನೆ ಹೊರಗೇ ಇರಲಿ, ಹೊಗೆ ಪ್ರಾಣಕ್ಕೆ ಕುತ್ತು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ನಿಂತು ಬೀಡಿ ಹಚ್ಚಬೇಡಿ.

ಇನ್ನೊಂದು ಮಾತು. ತಿರುಗುತ್ತಿರುವಾಗ ಬ್ಯಾಟರಿ ವೈರ್ ಕಳಚಲೇಬೇಡಿ. ಒಮ್ಮೆ ನಾನು ಬೋಲ್ಟಿನ ಬದಲು ಸುಮ್ನೆ ಕ್ಲಿಪ್ ಸಿಕ್ಕಿಸಿದ್ದೆ, ಎಂಜಿನ್ ನಡುಗಿ ನಡುಗಿ ಅದು ಜಾರಿತು. ವೋಲ್ಟೇಜ್ ಒಮ್ಮೆಲೇ ಏರಿ, ಎಸಿಯನ್ನು ಡಿಸಿ ಮಾಡುವ ಒಳಗಿನ ಡಯೋಡ್‌ಗಳು ಹೋದವು. ಆ ಸುಟ್ಟ ವಾಸನೆ ಇನ್ನೂ ನೆನಪಿದೆ. ಪ್ಲಸ್ ಮೈನಸ್ ಅದಲು ಬದಲಾದರೂ ಡಯೋಡಿಗೆ ಇದೇ ಗತಿ.

ಇನ್ನು ವೆಲ್ಡಿಂಗ್. ರೆಗ್ಯುಲೇಟರ್ ತೆಗೆದು ರೋಟರಿಗೆ ನೇರ 12 ವೋಲ್ಟ್ ಕೊಟ್ಟು ಜೋರಾಗಿ ತಿರುಗಿಸಿದರೆ ಕಿಡಿ ಬರುತ್ತದೆ, ಹುಡುಗ ಪೂರ್ತಿ ಸುಳ್ಳು ಹೇಳಿಲ್ಲ. ಆದರೆ ಕಿಡಿ ಸರಿಯಾಗಿ ಹಿಡಿಯಲು 50 ವೋಲ್ಟಿಗೂ ಮೇಲೆ ಬೇಕು, 2.5 ಎಂಎಂ ರಾಡ್ ಕರಗಿಸಲು 60–90 ಆಂಪ್ ಬೇಕು. ಸಣ್ಣ ಕಾರಿನ ಆಲ್ಟರ್ನೇಟರ್ ತಡೆಯುವುದು ಸುಮಾರು 40–50 ಆಂಪ್, ಅಲ್ವಾ? ಎರಡು ರಾಡ್ ಉರಿಯುವಷ್ಟರಲ್ಲಿ ಒಳಗಿನ ತಂತಿಯ ಸುತ್ತು (ವೈಂಡಿಂಗ್) ಹೊಗೆಯಾಡುತ್ತದೆ. ನಿಮ್ಮ ಔಷಧಿ ಎಂಜಿನ್ನೂ ಏದುಸಿರು ಬಿಡುತ್ತದೆ. ಗೇಟಿನ ಕೆಲಸ ಇದ್ದರೆ ಕರೆಂಟ್ ಬಂದ ಮೇಲೆ ಬಾಡಿಗೆ ಮೆಷಿನ್ ತಂದು ಮಾಡಿ.