ನ್ಯೂಜಿಲೆಂಡ್‌ನ ಸಂರಕ್ಷಣಾ ಕಾಡಿನಲ್ಲಿ ಜೇನು ಪೆಟ್ಟಿಗೆ ಇಡಲು ಅನುಮತಿ ಬೇಕಾ?

ಬೇಕೇ ಬೇಕು. ಮಾನುಕಾ ಅನ್ನೋ ಅಲ್ಲಿನ ಕಾಡು ಪೊದೆ ಹೂ ಬಿಡುವ ಎರಡು ತಿಂಗಳಿಗೆ 20 ಪೆಟ್ಟಿಗೆ ಸುಮ್ನೆ ಇಟ್ಟು ಬರ್ತೀನಿ, ಯಾರಿಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ಆ ಜೇನುತುಪ್ಪ ಮಾರುತ್ತೀರಿ ಅಲ್ವಾ? ಅಂದರೆ ಅದು ವ್ಯಾಪಾರ. 1987ರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ 'ಕನ್ಸೆಷನ್', ಅಂದರೆ ಆ ಜಾಗ ಬಳಸಲು ಅನುಮತಿ ಪತ್ರ, ತೆಗೆದುಕೊಳ್ಳಬೇಕು. ಕೊಡುವುದು ಸಂರಕ್ಷಣಾ ಇಲಾಖೆ, ಅಲ್ಲಿನವರ ಬಾಯಲ್ಲಿ 'ಡಾಕ್'.

ಫಾರ್ಮ್ ತುಂಬುವ ಮೊದಲು ಆ ಜಾಗದ ನಿರ್ವಹಣಾ ಯೋಜನೆ ಓದಿ. ಅದಕ್ಕೆ ಒಪ್ಪದ ಅರ್ಜಿ ಮುಂದೆ ಹೋಗುವುದು ಕಷ್ಟ. ಅರ್ಜಿ ತಿರಸ್ಕಾರವಾದರೂ ಪರಿಶೀಲನೆಯ ಖರ್ಚು ನಿಮ್ಮದೇ. ಹಾಗಾಗಿ ಮೊದಲು ಆ ಭಾಗದ ಕಚೇರಿಗೆ ಒಂದು ಫೋನ್ ಮಾಡುವುದು ಜಾಣತನ.

ಅರ್ಜಿಯಲ್ಲಿ 'ಕಾಡಿನ ಅಂಚಿನಲ್ಲಿ' ಅಂತ ಬರೆದರೆ ಸಾಲದು. ಪೆಟ್ಟಿಗೆ ಎಲ್ಲಿ, ಎಷ್ಟು, ಗಾಡಿ ಯಾವ ದಾರಿಯಲ್ಲಿ ಬರುತ್ತೆ, ನಡೆಯುವವರ ಹಾದಿ ಎಷ್ಟು ದೂರ, ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ. ಮಳೆ ಬಿದ್ದ ಮೇಲೆ ಲೋಡ್ ಗಾಡಿ ಒಂದು ಸಲ ಓಡಾಡಿದರೂ ಮಣ್ಣಿನ ದಾರಿ ಗುಂಡಿ ಬೀಳುತ್ತೆ, ಅದನ್ನು ಹೇಗೆ ತಪ್ಪಿಸುತ್ತೀರಿ ಅಂತಲೂ ಬರೆಯಿರಿ. ಅಲ್ಲಿನ ಕಾಡುದುಂಬಿಗಳ ಪಾಲಿನ ಮಕರಂದಕ್ಕೆ ನಿಮ್ಮ ಹುಳಗಳು ಪೈಪೋಟಿ ಕೊಡುತ್ತವೆ. ನನ್ನ ಪ್ರಕಾರ ಈ ಪ್ರಶ್ನೆಗೇ ಜಾಸ್ತಿ ತಯಾರಿ ಬೇಕು.

ಆ ಭಾಗದ ಮೂಲನಿವಾಸಿಗಳಾದ ಮಾವೊರಿ ಬುಡಕಟ್ಟಿನವರ ಜೊತೆ ಮೊದಲೇ ಮಾತಾಡಿ. ಮಾವೊರಿಗಳಿಗೂ ಬ್ರಿಟಿಷ್ ರಾಜಸತ್ತೆಗೂ 1840ರಲ್ಲಿ ಆದ ವೈಟಾಂಗಿ ಒಪ್ಪಂದದ ತತ್ವಗಳನ್ನು ಇಲಾಖೆ ಪಾಲಿಸಲೇಬೇಕು, ಅವರ ಅಭಿಪ್ರಾಯಕ್ಕೆ ತೂಕವಿದೆ.

ಇಷ್ಟೆಲ್ಲ ರಗಳೆ ಬೇಡ ಅನಿಸಿದರೆ, ಕಾಡಿಗೆ ತಾಗಿದ ಖಾಸಗಿ ಜಮೀನಿನವರನ್ನು ಕೇಳಿ ನೋಡಿ. ಜೇನಿಗೆ ಬೇಲಿ ಗೊತ್ತಿಲ್ಲ. ಪೆಟ್ಟಿಗೆಗಳ ಜಾಗದ ನೋಂದಣಿ ಮಾತ್ರ ಅಲ್ಲೂ ಕಡ್ಡಾಯ.