ಪಿಷ್ಟವೂ ಸೆಲ್ಯುಲೋಸೂ ಗ್ಲೂಕೋಸೇ ಆದರೆ ಒಂದು ಮಾತ್ರ ಏಕೆ ಜೀರ್ಣವಾಗುತ್ತದೆ?

ಪಿಷ್ಟ, ಸೆಲ್ಯುಲೋಸ್ ಎರಡೂ ಗ್ಲೂಕೋಸಿನ ಸರಪಳಿಗಳಾಗಿದ್ದರೂ ಒಂದು ಮಾತ್ರ ನಮಗೆ ದಕ್ಕುವುದೇಕೆ, ಶಕ್ತಿ ಕೊಡುವುದರ ಹೊರತು ಕಾರ್ಬೋಹೈಡ್ರೇಟಿಗೆ ದೇಹದಲ್ಲಿ ಬೇರೆ ಕೆಲಸವಿದೆಯೇ ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆ ನನಗೆ ಹೆಚ್ಚು ಇಷ್ಟವಾಯಿತು. ಅದರಿಂದಲೇ ಶುರು ಮಾಡುತ್ತೇನೆ.

ಎರಡರಲ್ಲೂ ಒಂದು ಗ್ಲೂಕೋಸಿನ ಮೊದಲನೇ ಕಾರ್ಬನ್ ಮುಂದಿನದರ ನಾಲ್ಕನೇ ಕಾರ್ಬನ್ನಿಗೆ ಆಮ್ಲಜನಕದ ಮೂಲಕ ಕೂಡಿಕೊಂಡಿರುತ್ತದೆ. ಬೇರೆಯಾಗುವುದು ಕೊಂಡಿಯ ದಿಕ್ಕು. ಪಿಷ್ಟದ ಆಲ್ಫಾ ಕೊಂಡಿಯಿಂದ ಸರಪಳಿ ಸುರುಳಿ ಸುತ್ತುತ್ತದೆ. ಸೆಲ್ಯುಲೋಸಿನ ಬೀಟಾ ಕೊಂಡಿಯಲ್ಲಿ ಅದು ನೆಟ್ಟಗೆ ಚಾಚಿ, ಅಕ್ಕಪಕ್ಕದವುಗಳೊಡನೆ ಹೈಡ್ರೋಜನ್ ಬಂಧಗಳಲ್ಲಿ ಬಿಗಿದು ನಾರಾಗುತ್ತದೆ. ನಮ್ಮ ಜೊಲ್ಲಿನಲ್ಲೂ ಮೇದೋಜೀರಕ ರಸದಲ್ಲೂ ಇರುವ ಅಮೈಲೇಸ್ ಕಿಣ್ವಕ್ಕೆ ಕತ್ತರಿಸಲು ಬರುವುದು ಆಲ್ಫಾ ಕೊಂಡಿ ಮಾತ್ರ. ಹಾಗೆಂದು ಬೀಟಾ ಕೊಂಡಿಯೆಲ್ಲ ಅಜೀರ್ಣ ಎಂದುಕೊಳ್ಳಬೇಡಿ: ಹಾಲಿನ ಲ್ಯಾಕ್ಟೋಸಿನಲ್ಲಿ ಇರುವುದೂ ಬೀಟಾ ಕೊಂಡಿಯೇ, ಅದಕ್ಕೆ ಲ್ಯಾಕ್ಟೇಸ್ ಎಂಬ ಬೇರೆ ಕಿಣ್ವವಿದೆ. ಸೆಲ್ಯುಲೋಸಿಗೆ ಬೇಕಾದ ಕಿಣ್ವ ಹಸುವಿನ ದೇಹದಲ್ಲೂ ತಯಾರಾಗುವುದಿಲ್ಲ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಒದಗಿಸುತ್ತವೆ.

ಕಾರ್ಬೋಹೈಡ್ರೇಟಿನ ವಿಧಗಳ ಪಟ್ಟಿ ಪಠ್ಯಪುಸ್ತಕದಲ್ಲಿ ಸಿಗುತ್ತದೆ. ಗ್ಲೂಕೋಸ್, ಫ್ರಕ್ಟೋಸ್ ಒಂಟಿ ಸಕ್ಕರೆಗಳು. ಎರಡು ಕೂಡಿದರೆ ಸುಕ್ರೋಸ್, ಲ್ಯಾಕ್ಟೋಸಿನಂಥವು. ಉದ್ದ ಸರಪಳಿಗಳು ಪಿಷ್ಟ, ಗ್ಲೈಕೋಜನ್, ಸೆಲ್ಯುಲೋಸ್.

ನಮ್ಮ ದೇಹ ಗ್ಲೂಕೋಸನ್ನು ಕೂಡಿಡುವ ರೂಪವಾದ ಗ್ಲೈಕೋಜನ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಅಷ್ಟೂ ಗ್ಲೂಕೋಸನ್ನು ಬಿಡಿಬಿಡಿಯಾಗಿ ಇಟ್ಟುಕೊಂಡರೆ ಪರಾಸರಣದಿಂದ (ಕರಗಿದ ವಸ್ತು ಹೆಚ್ಚಿರುವ ಕಡೆಗೆ ನೀರು ಹರಿಯುವುದರಿಂದ) ನೀರು ನುಗ್ಗಿ ಜೀವಕೋಶ ಊದಿಕೊಳ್ಳುತ್ತದೆ. ಆದ್ದರಿಂದ ದೇಹ ಅದನ್ನು ಕವಲೊಡೆದ ದೊಡ್ಡ ಅಣುವಾಗಿ ಹೆಣೆದಿಡುತ್ತದೆ. ಕವಲು ಹೆಚ್ಚಿದಷ್ಟೂ ತುದಿಗಳು ಹೆಚ್ಚು. ಎಲ್ಲ ತುದಿಗಳಿಂದಲೂ ಒಮ್ಮೆಲೇ ಗ್ಲೂಕೋಸ್ ಬಿಡಿಸಿಕೊಳ್ಳಬಹುದು. ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಇರುತ್ತದೆ. ಆದರೆ ರಕ್ತದಿಂದ ಗ್ಲೂಕೋಸ್ ಪಡೆಯುವ ಮಿದುಳಿಗೆ ನೆರವಾಗುವುದು ಯಕೃತ್ತಿನ ಸಂಗ್ರಹವೇ. ಗ್ಲೂಕೋಸ್‌-6-ಫಾಸ್ಫಟೇಸ್ ಎಂಬ ಕಿಣ್ವ ಸ್ನಾಯುವಿನಲ್ಲಿ ಇಲ್ಲದ ಕಾರಣ, ಅದು ತನ್ನ ಪಾಲನ್ನು ಗ್ಲೂಕೋಸಾಗಿ ರಕ್ತಕ್ಕೆ ಬಿಡಲಾರದು.

ಇನ್ನು ಬೇರೆ ಕೆಲಸಗಳು. ಕಾರ್ಬೋಹೈಡ್ರೇಟನ್ನು ಬರೀ ಇಂಧನವೆಂದು ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ಆರ್‌ಎನ್‌ಎ, ಡಿಎನ್‌ಎಗಳ ಬೆನ್ನೆಲುಬಿನಲ್ಲಿ ರೈಬೋಸ್, ಡಿಆಕ್ಸಿರೈಬೋಸ್ ಸಕ್ಕರೆಗಳಿವೆ. ಕೀಲುಗಳ ನಡುವಿನ ದ್ರವಕ್ಕೆ ಜಾರಿಕೆ ಕೊಡುವ ಹಯಲುರೋನಿಕ್ ಆಮ್ಲವೂ ಸಕ್ಕರೆ ಸರಪಳಿಯೇ. ನಿಮ್ಮ ರಕ್ತದ ಗುಂಪನ್ನು ನಿರ್ಧರಿಸುವುದೂ ಕೆಂಪು ರಕ್ತಕಣದ ಮೇಲಿನ ಸಕ್ಕರೆ ಸರಪಳಿಯ ತುದಿ: ಅಲ್ಲಿ ಎನ್‌-ಅಸಿಟೈಲ್‌ಗ್ಯಾಲಕ್ಟೋಸಮೈನ್ ಇದ್ದರೆ ಎ, ಗ್ಯಾಲಕ್ಟೋಸ್ ಇದ್ದರೆ ಬಿ, ಎರಡೂ ಇದ್ದರೆ ಎಬಿ, ಆ ಎರಡೂ ಸೇರದೆ ಉಳಿದರೆ ಒ.